ಲವಣಕರದ ಚರ್ಚೆಯೂ ಕುಂದಾಪುರ ಸೀಮೆಯೂ

ಪ್ರಜೆಗಳಿಂದ ಪ್ರಭುತ್ವವು ತೆಗೆದುಕೊಳ್ಳುವ ಕರಗಳೊಳಗೆ ಉಪ್ಪಿನ ಕರವು ತಲೆಗೆ ತಗಲುವ ಮೊತ್ತದಲ್ಲಿ ಅತ್ಯಲ್ಪವಾದುದು. ಆದರೆ ಭರತಖಂಡದ ಶಾಸನಸಭೆಗಳಲ್ಲಿ ಅದರಷ್ಟು ವಾಗ್ವಾದಕ್ಕೆ ಎಡೆಗೊಟ್ಟ ಕರವು ಮತ್ತೊಂದಿಲ್ಲ. 1923ನೆಯ ಇಸವಿಯಲ್ಲಿ ಕೇಂದ್ರ ಶಾಸನಸಭೆಯು ಈ ಕರದ ಇಮ್ಮಡಿಯನ್ನು ನಿರಾಕರಿಸಿತು. ರಾಜಪ್ರತಿನಿಧಿಯು ತನ್ನ ವಿಶೇಷಾಧಿಕಾರದಿಂದ ಅದನ್ನು ಊರ್ಜಿತಗೊಳಿಸಿದನು. ಈ ಪ್ರಸಂಗವನ್ನು ರಾಜ್ಯಾಂಗದ ಚರಿತ್ರೆಯನ್ನು ಬರೆಯುವವರು ಪ್ರಜಾಪ್ರತಿನಿಧಿಗಳ ಅಧಿಕಾರಕ್ಕೂ ಆಳುವವರ ಅಧಿಕಾರಕ್ಕೂ ನಡೆದ ಹೋರಾಟವೆಂದು ವರ್ಣಿಸುವುದುಂಟು. ಅದು ಸರಿಯೇ. ಆದರೆ ಉಪ್ಪಿನ ಬಾಳನ್ನೇ ಬಾಳಿದ ಒಂದು ಸೀಮೆಯಲ್ಲಿ ನಿಂತು ಈ ಚರ್ಚೆಯನ್ನು ನೋಡಿದರೆ ಬೇರೊಂದು ವಿಷಯ ಗೋಚರವಾಗುತ್ತದೆ. ಸಭೆಯಲ್ಲಿ ಉಭಯಪಕ್ಷದವರೂ ವಾದಿಸಿದುದು ಮುಖ್ಯವಾಗಿ ಕರದ ಪ್ರಮಾಣವನ್ನು ಕುರಿತು. ಕಡಲ ತೀರದವರಿಗೆ ತಟ್ಟಿದುದಾದರೋ ಪ್ರಮಾಣಕ್ಕಿಂತ ಮೊದಲು ನಿಷೇಧ, ಎಂದರೆ ತನ್ನ ಮನೆಯ ಮುಂದಣ ಉಪ್ಪುನೀರಿನಿಂದ ಉಪ್ಪನ್ನು ತೆಗೆಯಕೂಡದೆಂಬ ಕಟ್ಟಳೆ. ಈ ಎರಡು ಪ್ರಶ್ನೆಗಳೂ ಒಂದೇ ಎಂದು ಭಾವಿಸಿದುದರಿಂದ ಚರ್ಚೆಗೆ ಎಷ್ಟು ಹಾನಿಯಾಯಿತೆಂಬುದು ಇಲ್ಲಿ ವಿಚಾರಣೀಯ.

ಸೀಮೆಯ ಪರಿಚಯ ಮೊದಲು ಆಗಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲ್ಲೂಕುಗಳು ಇಂದು ಉಡುಪಿ ಜಿಲ್ಲೆಯಲ್ಲಿವೆ. ಬೈಂದೂರು ಬ್ರಹ್ಮಾವರಗಳು ತಾಲ್ಲೂಕುಗಳಾದುದು 2018ರಲ್ಲಿ; ಅದಕ್ಕೆ ಹಿಂದೆ ಬೈಂದೂರು ಕುಂದಾಪುರ ತಾಲ್ಲೂಕಿಗೂ ಬ್ರಹ್ಮಾವರ ಉಡುಪಿ ತಾಲ್ಲೂಕಿಗೂ ಸೇರಿದ್ದವು. ವಿಜಯನಗರದ ಕಾಲದಲ್ಲಿ ಇವು ಬಾರಕೂರು ರಾಜ್ಯದ ಆಳ್ವಿಕೆಗೆ ಒಳಪಟ್ಟ ನಾಡು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಹೊಳೆಗಳು ಕುಂದಾಪುರ ಗಂಗೊಳ್ಳಿಗಳ ನಡುವೆ ಸಮುದ್ರವನ್ನು ಸೇರುತ್ತವೆ. ಸೀತಾ ಸ್ವರ್ಣಾ ನದಿಗಳು ಹಂಗಾರಕಟ್ಟೆಯ ಬಳಿಯ ಅಳಿವೆಯಲ್ಲಿ ಕೂಡುತ್ತವೆ. ಬೇಸಗೆಯಲ್ಲಿ ಹೊಳೆಯ ಸಿಹಿನೀರು ಬತ್ತಿದೊಡನೆ ಭರತದ ಉಪ್ಪುನೀರು ಒಳನಾಡಿಗೆ ಏರಿ ಬರುತ್ತದೆ. ಆ ನೀರು ಮುಟ್ಟುವ ತಗ್ಗುನೆಲ, ಅಲ್ಲಲ್ಲಿ ಕುದ್ರುಗಳು, ಜನವರಿಯಿಂದ ಮೇ ತಿಂಗಳವರೆಗಣ ಬಿಸಿಲು, ಇಷ್ಟಿದ್ದರೆ ಉಪ್ಪಿನ ಆಗರಕ್ಕೆ ಬೇಕಾದ ಸಾಮಗ್ರಿ ಸಿದ್ಧವಾದಂತೆಯೇ.

ಮೂರು ತಾಲ್ಲೂಕುಗಳಲ್ಲಿಯೂ ಉಪ್ಪಿನ ಹೆಸರಿನಂತೆ ಕೇಳಿಸುವ ಒಂದೊಂದು ಗ್ರಾಮವಿರುವುದು ಕುತೂಹಲಕರ. ಕುಂದಾಪುರದ ಹತ್ತಿರ ಉಪ್ಪಿನಕುದ್ರು, ಬೈಂದೂರಿನ ಹತ್ತಿರ ಉಪ್ಪುಂದ, ಬ್ರಹ್ಮಾವರಕ್ಕೆ ತೆಂಕಲು ಸ್ವರ್ಣಾನದಿಯ ಬದಿಯಲ್ಲಿ ಉಪ್ಪೂರು. ಇವುಗಳಲ್ಲಿ ಉಪ್ಪಿನಕುದ್ರು ಎಂಬುದರ ಅರ್ಥ ಸ್ಪಷ್ಟ. ಷಷ್ಠೀ ವಿಭಕ್ತಿಯೇ ಸಾಕ್ಷಿ ಹೇಳುತ್ತದೆ. ಉಪ್ಪುಂದವನ್ನು “ಉಪ್ಪು ಉಂಡ” ಎಂದು ಬಿಡಿಸುವುದು ಕಿವಿಗೆ ಇಂಪಾದ ಜಾಣತನವೇ ಹೊರತು ನಿರುಕ್ತವಲ್ಲ. ಉಪ್ಪೂರಿನ ವಿಷಯದಲ್ಲಿಯೂ ಹಳೆಯ ಲಿಪಿಗಳ ಪಾಠವನ್ನು ಹಿಡಿಯದೆ ತೀರ್ಪು ಕೊಡುವುದು ತರವಲ್ಲ. ಒಂದು ಹೆಸರು ನಿಸ್ಸಂದೇಹವಾಗಿ ನಿಂತರೂ ಪ್ರಕೃತ ವಿಷಯಕ್ಕೆ ಸಾಕು: ಉಪ್ಪನ್ನೇ ಗುರುತಾಗಿ ಪಡೆದ ನೆಲವು ಈ ಸೀಮೆಯಲ್ಲಿತ್ತು.

ಇಲ್ಲಿ ಉಪ್ಪಿನ ವಿನಿಯೋಗವು ಒಳನಾಡಿನಂತಲ್ಲ. ಗಂಜಿಗೂ ಸಾರಿಗೂ ಬೇಕಾದ ಉಪ್ಪು ಎಲ್ಲ ಕಡೆಯಲ್ಲಿಯೂ ಒಂದೇ. ಆದರೆ ಕರಾವಳಿಯ ಮನೆಯಲ್ಲಿ ಮಳೆಗಾಲಕ್ಕೆ ಮಿಡಿಯನ್ನು ಉಪ್ಪಿನಲ್ಲಿ ಹಾಕಬೇಕು. ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪುನೀರಿನಲ್ಲಿ ಇಡಬೇಕು. ಎಮ್ಮೆ ದನಗಳ ಅಕ್ಕಚ್ಚಿಗೆ ಒಂದು ಹಿಡಿ ಹಾಕಬೇಕು. ತೆಂಗಿನ ಸಸಿಯ ಗುಂಡಿಗೂ ಸ್ವಲ್ಪ ಬೀಳಬೇಕು. ಖಾರ್ವಿಗಳ ಮತ್ತು ಮೊಗವೀರರ ಬಲೆಗೆ ಬಂಗುಡೆಯೂ ಬೂತಾಯಿಯೂ ರಾಶಿಯಾಗಿ ಬಿದ್ದ ದಿನ, ಮೂರು ನಾಲ್ಕು ಪಾಲು ಮೀನಿಗೆ ಒಂದು ಪಾಲು ಉಪ್ಪು ದೊರೆಯದಿದ್ದರೆ ಆ ರಾಶಿಯು ತೆಂಗಿನ ಬುಡಕ್ಕೆ ಗೊಬ್ಬರವಾಗಬೇಕು. ಇನ್ನೊಂದು ಸಂಗತಿಯಿದೆ. ಆಷಾಢ ಶ್ರಾವಣಗಳಲ್ಲಿ ಕಡಲು ಮುಚ್ಚುತ್ತದೆ, ಹಡಗು ಬರುವುದಿಲ್ಲ. ಆದುದರಿಂದ ವೈಶಾಖದಲ್ಲಿಯೇ ಉಪ್ಪನ್ನು ಕೊಂಡು ಮರಿಗೆಯಲ್ಲಿ ತುಂಬಿಡುವುದು ವಾಡಿಕೆ. ಮಳೆಯ ತೇವಕ್ಕೆ ಆ ಉಪ್ಪು ಕರಗಿ ನೀರಾಗಿ ಒಸರುತ್ತದೆ. ಕರ ತೆತ್ತ ಉಪ್ಪಿನಲ್ಲಿ ಒಂದು ಪಾಲು ಬಾಯಿಗೆ ಬೀಳುವ ಮೊದಲೇ ನೆಲಕ್ಕೆ ಇಳಿದುಹೋಗುವ ಈ ಸಂಗತಿಯು ಯಾವ ಆಯವ್ಯಯಪತ್ರಿಕೆಯ ಲೆಕ್ಕಕ್ಕೂ ಸಿಕ್ಕತಕ್ಕುದಲ್ಲ.

ಪ್ರಾಚೀನರು ಲವಣಕರವನ್ನು ಅರಿಯದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಮೇಲೆ ಈ ವಿಷಯದಲ್ಲಿ ಊಹೆಗೆ ಎಡೆಯುಳಿದಿಲ್ಲ. ಅದರ ಎರಡನೆಯ ಅಧಿಕರಣದಲ್ಲಿ ಆಕರಗಳನ್ನು ಹೇಳುವ ಹನ್ನೆರಡನೆಯ ಅಧ್ಯಾಯದಲ್ಲಿ ಲವಣಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಉಪ್ಪು ಸಿದ್ಧವಾದೊಡನೆ ರಾಜಭಾಗವನ್ನು ಕಾಲದಲ್ಲಿ ಸಂಗ್ರಹಿಸಬೇಕು. ಪರದೇಶದಿಂದ ಬಂದ ಉಪ್ಪು ಆರನೆಯ ಒಂದು ಭಾಗವನ್ನು ಕೊಡಬೇಕು. ಅದನ್ನು ಕೊಳ್ಳುವವನು ಶುಲ್ಕವನ್ನಲ್ಲದೆ ರಾಜನ ಸರಕಿಗೆ ಆದ ನಷ್ಟವನ್ನೂ ತುಂಬಿಕೊಡಬೇಕು. ಬೆರಕೆಯ ಉಪ್ಪನ್ನು ಮಾರಿದವನಿಗೂ, ಅಪ್ಪಣೆಯಿಲ್ಲದೆ ಉಪ್ಪಿನಿಂದ ಜೀವಿಸುವವನಿಗೂ ದಂಡವುಂಟು. ಇಷ್ಟರವರೆಗೆ ನೋಡಿದರೆ ಇದು 19ನೆಯ ಶತಮಾನದ ಲವಣದ ಕಾಯಿದೆಗಳ ಪೂರ್ವಜನಂತೆಯೇ ಇದೆ. ಆದರೆ ಅಲ್ಲಿಯೇ ಎರಡು ವಿನಾಯಿತಿಗಳಿವೆ. ಅಪ್ಪಣೆಯ ನಿಯಮವು ವಾನಪ್ರಸ್ಥರಿಗೆ ಸಲ್ಲದು. ಶ್ರೋತ್ರಿಯರೂ ತಪಸ್ವಿಗಳೂ ವಿಷ್ಟಿಗಳೂ, ಎಂದರೆ ಬಿಟ್ಟಿಯ ಕೆಲಸಗಾರರೂ, ಊಟದ ಉಪ್ಪನ್ನು ಕರವಿಲ್ಲದೆ ಒಯ್ಯಬಹುದು.

ಶ್ರೋತ್ರಿಯನ ವಿನಾಯಿತಿ ಆಶ್ಚರ್ಯಕರವಲ್ಲ. ಧರ್ಮಶಾಸ್ತ್ರಗಳಲ್ಲಿ ಅದು ಎಲ್ಲೆಲ್ಲಿಯೂ ಕಾಣುತ್ತದೆ. ವಿಷ್ಟಿಗಳ ವಿನಾಯಿತಿಯೇ ಇಲ್ಲಿ ಗಮನಾರ್ಹವಾದುದು. ಕರದ ವಿಷಯದಲ್ಲಿ ಕಠಿಣನೆಂದು ಹೆಸರಾದ ಕೌಟಿಲ್ಯನು ಎರಡು ಬಗೆಯ ಉಪ್ಪನ್ನು ಬೇರ್ಪಡಿಸಿದನು: ಪಣ್ಯವಾದ ಉಪ್ಪು ಒಂದು, ಅನ್ನಕ್ಕೆ ಬೇಕಾದ ಉಪ್ಪು ಇನ್ನೊಂದು. ಕೂಲಿಯಿಲ್ಲದೆ ದುಡಿಯುವವನ ಅನ್ನದ ಉಪ್ಪಿನ ಮೇಲೆ ಕರವನ್ನು ಹೊರಿಸಲು ಅವನೂ ಒಪ್ಪಲಿಲ್ಲ. ಮನುಸ್ಮೃತಿಯಲ್ಲಿ ಲವಣವಿಕ್ರಯವನ್ನು ಬ್ರಾಹ್ಮಣನಿಗೆ ಪತನೀಯವೆಂದು ಮಾಂಸದ ಮತ್ತು ಅರಗಿನ ವಿಕ್ರಯದೊಡನೆ ಎಣಿಸಿರುವುದೂ ಉಪ್ಪು ಬರಿಯ ಸರಕಲ್ಲವೆಂಬ ಭಾವನೆಯ ಇನ್ನೊಂದು ಮುಖವೆಂದು ಹೇಳಬಹುದು. ಪುರಾತನ ಪ್ರಭುತ್ವವೂ ಉಪ್ಪಿನ ಕರವನ್ನು ಎತ್ತುತ್ತಿದ್ದಿತಷ್ಟೆ ಎಂದು ಸಮಾಧಾನ ಹೇಳುವವರು ಈ ವಿನಾಯಿತಿಗಳವರೆಗೂ ಓದಿದರೆ ಒಳ್ಳೆಯದು.

ಮದರಾಸು ಅಧಿಪತ್ಯದಲ್ಲಿ ಕಂಪೆನಿ ಸರ್ಕಾರವು 1805ರ ನಿಬಂಧನೆಯಿಂದ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತು. ಕೆಲವು ವರ್ಷಗಳೊಳಗೆ ಕನ್ನಡ ಜಿಲ್ಲೆಗೂ ಅದು ವ್ಯಾಪಿಸಿತು. ಹೊಗೆಸೊಪ್ಪಿನ ಏಕಸ್ವಾಮ್ಯವೂ ಬೆನ್ನಹಿಂದೆಯೇ ಬಂದಿತು. 1830–31ರಲ್ಲಿ ಜಿಲ್ಲೆಯ ರೈತರು ಅಲ್ಲಲ್ಲಿ ಕೂಟ ಸೇರಿ ಕಂದಾಯವನ್ನು ಕೊಡುವುದಿಲ್ಲವೆಂದು ನಿಂತುದು ಪ್ರಸಿದ್ಧವಾಗಿದೆ. ಆ ಕೂಟಗಳ ಮುಖ್ಯ ದೂರು ಭೂಕಂದಾಯವನ್ನು ಕುರಿತದ್ದು. ವಿಚಾರಣೆಗಾಗಿ ನೇಮಕವಾದ ಸ್ಟೋಕ್ಸ್ ಎಂಬ ಅಧಿಕಾರಿಯು 1833ರ ತನ್ನ ವರದಿಯಲ್ಲಿ ಕಂದಾಯವು ಒಟ್ಟಿನಲ್ಲಿ ಭಾರವಲ್ಲವೆಂದೂ ಕಚೇರಿಯ ನೌಕರರ ಒಳಜಗಳವೇ ಕೂಟಕ್ಕೆ ಮೂಲವೆಂದೂ ನಿರ್ಣಯಿಸಿದನು. ಆ ನಿರ್ಣಯವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದು ಬೇರೆಯ ಪ್ರಶ್ನೆ. ಸಾವಿರಾರು ರೈತರು ಹೊಲ ಮನೆ ಬಿಟ್ಟು ಬಂದು ಕುಳಿತುದನ್ನು ಶಿರಸ್ತೇದಾರರ ಕೈವಾಡದಿಂದ ಮಾತ್ರ ವಿವರಿಸುವುದು ಕಷ್ಟ. ಕರದ ಕಟ್ಟಳೆಯನ್ನು ಬದಲಾಯಿಸುವ ಮುನ್ನ ಕೊಡುವವರನ್ನೂ ಕೇಳಬೇಕೆಂಬ ಅಭಿಪ್ರಾಯವು ಶಾಸನಸಭೆಗಳು ಹುಟ್ಟುವ ಮೊದಲೇ ಈ ಜಿಲ್ಲೆಯಲ್ಲಿ ಬಾಯಿ ತೆರೆದಿತ್ತೆಂಬುದಕ್ಕೆ ಕೂಟಗಳು ಸಾಕ್ಷಿ. ಪ್ರಕೃತಕ್ಕೆ ಅಷ್ಟೇ ಸಾಕು.

ಏಕಸ್ವಾಮ್ಯದ ಕೆಳಗೆ ದಕ್ಷಿಣ ಕನ್ನಡದ ಆಗರಗಳು ಕ್ರಮೇಣ ನಿಂತುಹೋದವು. ನಾಲ್ಕು ತಿಂಗಳ ಧಾರಾಕಾರದ ಮಳೆ, ಹೊಳೆಗಳ ಸಿಹಿನೀರು, ಚಿಕ್ಕ ಚಿಕ್ಕ ಹಿಡುವಳಿಗಳು, ಇವೆಲ್ಲ ಕಾವಲಿನ ಖರ್ಚಿಗೆ ಹೊಂದದೆ ಇದ್ದುದು ಒಂದು ಕಾರಣ; ಮುಂಬಯಿಯಿಂದಲೂ ಗೋವೆಯಿಂದಲೂ ಹಡಗಿನಲ್ಲಿ ಬರುವ ಉಪ್ಪಿಗೆ ಕರವನ್ನು ಬಂದರಿನಲ್ಲಿ ಎತ್ತುವುದು ಸುಲಭವಾಗಿದ್ದುದು ಮತ್ತೊಂದು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಅಧಿಪತ್ಯಕ್ಕೆ ಸೇರಿದಾಗ ಕುಂದಾಪುರ ತಾಲ್ಲೂಕು ಮದರಾಸಿನಲ್ಲಿ ಉಳಿಯಿತು. ಅಂದಿನಿಂದ ಶಿರೂರಿಗೂ ಭಟ್ಕಳಕ್ಕೂ ನಡುವಣ ಗಡಿಯು ಎರಡು ಅಧಿಪತ್ಯಗಳ ಗಡಿಯಾಯಿತು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳು ಅತ್ತ ಕಡೆಯಲ್ಲಿ ನಿಂತವು. 1878ರ ಒಡಂಬಡಿಕೆಯಿಂದ ಗೋವೆಯ ಉಪ್ಪಿನ ತಯಾರಿಕೆಯ ಮೇಲೆಯೂ ಇಂಗ್ಲಿಷರಿಗೆ ಹತೋಟಿ ದೊರೆಯಿತು. 1892ರವರೆಗೆ ಅದು ನಡೆಯಿತು. 1889ರ ಮದರಾಸಿನ ಉಪ್ಪಿನ ಕಾಯಿದೆಯು ಅಪ್ಪಣೆಯಿಲ್ಲದೆ ಉಪ್ಪನ್ನು ಬೇಯಿಸುವುದನ್ನು ಮಾತ್ರವಲ್ಲ, ಉಪ್ಪುಮಣ್ಣನ್ನು ಕೆರೆದು ತರುವುದನ್ನೂ ಅಪರಾಧವೆಂದು ಗಣಿಸಿತು. ಕುಂದಾಪುರ ಬಂದರಿನಿಂದ ಘಟ್ಟವನ್ನೇರಿ ನಗರದ ಕಡೆಗೆ ಹೇರೆತ್ತಿನ ಮೇಲೆ ಹೋಗುತ್ತಿದ್ದ ಉಪ್ಪು ಇನ್ನು ಮೇಲೆ ಪರಸ್ಥಳದ ಉಪ್ಪು. ಉಪ್ಪಿನಕುದ್ರುವಿನಲ್ಲಿ ಹೆಸರು ಮಾತ್ರ ಉಳಿಯಿತು.

ಮೀನಿನ ವಿಷಯದಲ್ಲಿ ಸರ್ಕಾರವೇ ಒಂದು ರಿಯಾಯಿತಿಯನ್ನು ಮಾಡಬೇಕಾಗಿ ಬಂದುದನ್ನು ಇಲ್ಲಿ ಮರೆಯಲಾಗದು. ಕರವು ಹೆಚ್ಚಿದಷ್ಟೂ ಬೆಸ್ತರು ಕಡಲಮಣ್ಣಿನಿಂದಲೂ ಕೊಂಚ ಉಪ್ಪಿನಿಂದಲೂ ಮೀನನ್ನು ಒಣಗಿಸಿ ಕೆಡಿಸುತ್ತಿದ್ದರು. ಮತ್ಸ್ಯಶಾಸ್ತ್ರಜ್ಞನಾದ ಫ್ರಾನ್ಸಿಸ್ ಡೇ ಇದನ್ನು 1873ರ ವರದಿಯಲ್ಲಿ ಎತ್ತಿ ಹೇಳಿದ ಮೇಲೆ ಮದರಾಸಿನ ಪಡುಗರೆಯಲ್ಲಿ ಸರ್ಕಾರವು ಬೇಲಿ ಹಾಕಿದ ಅಂಗಳಗಳನ್ನು ಏರ್ಪಡಿಸಿ, ಅಲ್ಲಿಯೇ ಮೀನಿಗೆ ಉಪ್ಪು ಹಾಕುವವರಿಗೆ ಕರವಿಲ್ಲದೆ ಉಪ್ಪನ್ನು ಕೊಡತೊಡಗಿತು. ಬೇಲಿಯೊಳಗಿನ ಮೀನಿಗೆ ದೊರೆತ ವಿನಾಯಿತಿ ಬೇಲಿಯ ಹೊರಗಿನ ಬೆಸ್ತನ ಗಂಜಿಗೆ ದೊರೆಯಲಿಲ್ಲವೆಂಬುದು ವಿಚಿತ್ರವೇ ಸರಿ. ಆದರೂ ಕೌಟಿಲ್ಯನು ಮಾಡಿದ್ದ ವಿಂಗಡಣೆಯ ಒಂದು ಛಾಯೆ ಇಲ್ಲಿ ಮರಳಿ ಬಂದಿತು.

ಇನ್ನು ಸಭೆಗಳ ಮಾತು. 1888ರಿಂದ ಉಪ್ಪಿನ ಕರವು ಮಣಕ್ಕೆ ಎರಡೂವರೆ ರೂಪಾಯಿ. ಇದು 40 ಸೇರಿನ ಸರ್ಕಾರಿ ಮಣ. ಕರಾವಳಿಯ ಅಂಗಡಿಯ ಮಣ ಇದಕ್ಕಿಂತ ಬಹಳ ಚಿಕ್ಕದು, ಬಡವನು ಕೊಳ್ಳುತ್ತಿದ್ದುದು ಸೇರು ಕುಡ್ತೆಗಳ ಲೆಕ್ಕದಲ್ಲಿ. 1902ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ರಾಜಪ್ರತಿನಿಧಿಯ ಶಾಸನಸಭೆಯಲ್ಲಿ ಮಾಡಿದ ತಮ್ಮ ಮೊದಲ ಆಯವ್ಯಯ ಭಾಷಣದಲ್ಲಿ ಈ ಕರವನ್ನು ಇಳಿಸಬೇಕೆಂದು ವಾದಿಸಿದರು. ಕರವು 1903ರಲ್ಲಿ ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದಕ್ಕೂ ಇಳಿಯಿತು. ಉಪ್ಪಿನ ಬಳಕೆಯು ಏರಿತು. ಬಡವನು ಕರದ ಭಯದಿಂದ ಉಪ್ಪನ್ನು ಕಡಮೆಮಾಡಿ ತಿನ್ನುತ್ತಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಮಹಾಯುದ್ಧದ ನಡುವೆ 1916ರಲ್ಲಿ ಅದು ಒಂದೂಕಾಲು ರೂಪಾಯಿಯಾಯಿತು.

1922ರಲ್ಲಿ ಇದನ್ನು ಇಮ್ಮಡಿಸುವ ಸೂಚನೆ ಬಂದಾಗ ಹೊಸ ಕೇಂದ್ರ ಶಾಸನಸಭೆಯು ಒಪ್ಪಲಿಲ್ಲ. ಸರ್ಕಾರವು ಅದಕ್ಕೆ ತಲೆಬಾಗಿತು. ಮರುವರ್ಷ ಅರ್ಥಸದಸ್ಯನಾದ ಸರ್ ಬೇಸಿಲ್ ಬ್ಲಾಕೆಟ್ ನಾಲ್ಕು ಕೋಟಿಗೂ ಮೀರಿದ ಕೊರತೆಯನ್ನು ಮುಂದಿಟ್ಟು ಅದೇ ಸೂಚನೆಯನ್ನು ಮತ್ತೆ ತಂದನು. ಸರ್ಕಾರದ ಪಕ್ಷದ ವಾದವು ಗಣಿತವನ್ನು ಅವಲಂಬಿಸಿತ್ತು: ಕರವು ಎಲ್ಲರ ಮೇಲೆಯೂ ಹರಡಿರುವುದರಿಂದ ತಲೆಗೆ ಬೀಳುವ ಭಾರವು ಅತ್ಯಲ್ಪ. ಗಣಿತವೇನೋ ತಪ್ಪಲ್ಲ. ಒಬ್ಬನಿಗೆ ವರ್ಷಕ್ಕೆ 6 ಸೇರು ಉಪ್ಪೆಂದು ಇಟ್ಟುಕೊಂಡರೆ, ಮಣಕ್ಕೆ 20 ಆಣೆಯ ಹೆಚ್ಚಳದಿಂದ ಅವನಿಗೆ ತಗಲುವುದು 3 ಆಣೆ. ಪ್ರತಿಪಕ್ಷದವರು ಐದಾರು ಜನರ ಕುಟುಂಬಕ್ಕೆ ಇದು ಎಷ್ಟು ದಿನದ ಕೂಲಿಯಾಗುವುದೆಂದು ಕೇಳಬಹುದಾಗಿತ್ತು, ಕೇಳಿದರು. ಆದರೆ ಈ ಎರಡು ಲೆಕ್ಕಗಳಲ್ಲಿಯೂ ಮಿಡಿಯ ಭರಣಿಯಾಗಲಿ, ಅಕ್ಕಚ್ಚಿನ ಬಾನಿಯಾಗಲಿ, ಮರಿಗೆಯಿಂದ ಒಸರಿದ ನೀರಾಗಲಿ ಇಲ್ಲ. ತಲೆಯನ್ನೆಣಿಸುವ ಗಣಿತವು ಮನೆಯನ್ನು ಎಣಿಸುವುದಿಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಉಪ್ಪು ನೀರಿನ ದಡದಲ್ಲಿ ಕುಳಿತವನು ಅದನ್ನು ತೆಗೆಯಲಾಗದೆ ಕೊಳ್ಳಬೇಕಾದುದೇಕೆ ಎಂಬ ಪ್ರಶ್ನೆಯು ಪ್ರಮಾಣದ ಗದ್ದಲದಲ್ಲಿ ಅಡಗಿಹೋಯಿತು.

ಅಡಗಿದುದಕ್ಕೆ ಸಭೆಯ ರಚನೆಯೂ ಕಾರಣ. ಮುಸಲ್ಮಾನೇತರ ಗ್ರಾಮಾಂತರ ಮತದಾರರ ಪಾಲಿಗೆ ದಕ್ಷಿಣ ಕನ್ನಡವು ಮಲಬಾರು ಮತ್ತು ನೀಲಗಿರಿಗಳೊಡನೆ ಒಂದೇ ಕ್ಷೇತ್ರವಾಗಿ ಕೂಡಿಸಲ್ಪಟ್ಟಿತ್ತು. ಮತದ ಹಕ್ಕು ಭೂಕಂದಾಯವನ್ನೋ ವರಮಾನ ತೆರಿಗೆಯನ್ನೋ ಗೊತ್ತಾದ ಮೊತ್ತಕ್ಕೆ ತೆರುವವರಿಗೆ ಮಾತ್ರ. ಉಪ್ಪಿನ ಕರವನ್ನಾದರೋ ಗೇಣಿಯ ಒಕ್ಕಲೂ ಕೂಲಿಯಾಳೂ ಬಲೆ ಎಳೆಯುವವನೂ ತೆರುತ್ತಿದ್ದರು. ನೇರವಾದ ಕರವನ್ನು ಕೊಡುವವರು ಆರಿಸಿ ಕಳುಹಿಸಿದ ಸಭೆಯಲ್ಲಿ ಪರೋಕ್ಷವಾದ ಕರವನ್ನು ಕೊಡುವವರ ಕಷ್ಟವು ಚರ್ಚಿಸಲ್ಪಟ್ಟಿತು. ಹಾಗಿದ್ದರೂ ಆ ಸಭೆಯು ಇಮ್ಮಡಿಯನ್ನು ತಿರಸ್ಕರಿಸಿತೆಂಬುದು ಸದಸ್ಯರಿಗೆ ಭೂಷಣ. ರಾಜಪ್ರತಿನಿಧಿ ಲಾರ್ಡ್ ರೀಡಿಂಗ್ ಎರಡೂವರೆ ರೂಪಾಯಿಯ ಕರವನ್ನು ಶಿಫಾರಸು ಮಾಡಿದನು; ಮೇಲಣ ಸಭೆಯು ಒಪ್ಪಿತು; ಕೆಳಗಣ ಸಭೆಯು ಮತ್ತೆ ನಿರಾಕರಿಸಿತು. ಆಗ ರಾಜಪ್ರತಿನಿಧಿಯು 1919ರ ಕಾಯಿದೆಯು ತನಗಿತ್ತಿದ್ದ ಪ್ರಮಾಣೀಕರಣದ ಅಧಿಕಾರವನ್ನು ಪ್ರಯೋಗಿಸಿದನು. ಒಂದು ವರ್ಷ ಎರಡೂವರೆ ರೂಪಾಯಿ ನಡೆಯಿತು. 1924ರಲ್ಲಿ ಕರವು ಮತ್ತೆ ಒಂದೂಕಾಲಿಗೆ ಇಳಿಯಿತು.

ಅಡಗಿದ ಪ್ರಶ್ನೆಯನ್ನು ಸಭೆಯ ಹೊರಗೆ ಎತ್ತಿದುದು 1930ರ ಸತ್ಯಾಗ್ರಹ. ಏಪ್ರಿಲ್ 6ರಂದು ದಾಂಡಿಯಲ್ಲಿ ಗಾಂಧಿಯವರು ಎತ್ತಿಕೊಂಡ ಉಪ್ಪು ಒಂದು ಹಿಡಿ. ಅದರ ಕರವನ್ನು ಲೆಕ್ಕಿಸಿದರೆ ಒಂದು ಪೈಯೂ ಆಗದು. ಪ್ರಮಾಣದ ಗಣಿತಕ್ಕೆ ಅಲ್ಲಿ ಸ್ಥಳವೇ ಇರಲಿಲ್ಲ. ಎತ್ತಿಕೊಳ್ಳುವ ಹಕ್ಕು ಮಾತ್ರ ಇತ್ತು. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಕಾಯಿದೆಯನ್ನು ಮುರಿದರು. ದಕ್ಷಿಣ ಕನ್ನಡದಲ್ಲಿ ಕಾರ್ನಾಡ ಸದಾಶಿವರಾಯರು ಚಳವಳಿಯ ಮುಂದಾಳಾದರು. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಈ ಹಕ್ಕಿಗೆ ಒಂದು ವಾಕ್ಯ ದೊರೆಯಿತು: ಕಾಯಿದೆಯು ಬದಲಾಗದು, ಆದರೆ ಉಪ್ಪು ಸಿಕ್ಕುವ ಅಥವಾ ತಯಾರಿಸಬಹುದಾದ ಎಡೆಗೆ ಹೊಂದಿಕೊಂಡ ಗ್ರಾಮಗಳ ನಿವಾಸಿಗಳು ಮನೆಯ ಬಳಕೆಗೂ ಆ ಗ್ರಾಮದೊಳಗಿನ ಮಾರಾಟಕ್ಕೂ ಉಪ್ಪನ್ನು ಕೂಡಿಸಬಹುದು, ತಯಾರಿಸಬಹುದು, ಗ್ರಾಮದ ಹೊರಗೆ ಮಾರಕೂಡದು. ಪಣ್ಯದ ಉಪ್ಪು ಬೇರೆ, ಅನ್ನದ ಉಪ್ಪು ಬೇರೆ ಎಂಬ ಭೇದವು ಹೀಗೆ ಆಧುನಿಕ ರಾಜ್ಯದ ಕಡತದೊಳಗೆ ಪ್ರವೇಶಿಸಿತು. ಅದೇ ವರ್ಷದ ಕೊನೆಯೊಳಗೆ ಸರ್ಕಾರವು ಕರಗಳ ಮೇಲೆ ನೂರಕ್ಕೆ 25ರ ಹೆಚ್ಚುವರಿಯನ್ನು ಹೊರಿಸಿತು; ಶಾಸನಸಭೆ ನಿರಾಕರಿಸಿತು, ರಾಜಪ್ರತಿನಿಧಿ ಮತ್ತೆ ಪ್ರಮಾಣೀಕರಿಸಿದನು; ಉಪ್ಪಿನ ಕರ ಒಂದು ರೂಪಾಯಿ ಒಂಬತ್ತು ಆಣೆಯಾಯಿತು. ಹಕ್ಕು ಒಂದು ಅಂಗುಲ ಮುಂದೆ ಬಂದ ವರ್ಷವೇ ಪ್ರಮಾಣವು ಕಾಲುಭಾಗ ಏರಿದುದರಿಂದ ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂಬುದು ಸುವ್ಯಕ್ತ.

ಕರವು ಅಳಿದುದು 1947ರ ಏಪ್ರಿಲ್ 1ರಿಂದ. ಮಧ್ಯಂತರ ಸರ್ಕಾರದ ಅರ್ಥಸದಸ್ಯ ಲಿಯಾಕತ್ ಅಲಿ ಖಾನರು ಫೆಬ್ರವರಿ 28ರಂದು ಮಂಡಿಸಿದ ಆಯವ್ಯಯದಲ್ಲಿ ಅದನ್ನು ಕೈಬಿಟ್ಟರು. ಇದರ ಮುಂದಿನ ಕತೆಯನ್ನು ಅಷ್ಟಾಗಿ ಯಾರೂ ಸ್ಮರಿಸುವುದಿಲ್ಲ. 1948ರಲ್ಲಿ ಪ್ರಕಟವಾದ ಸಂವಿಧಾನದ ಕರಡಿನ 253ನೆಯ ಅನುಚ್ಛೇದದ ಮೊದಲ ಖಂಡವು, ಕೇಂದ್ರವು ಉಪ್ಪಿನ ಮೇಲೆ ಸುಂಕವನ್ನು ವಿಧಿಸಕೂಡದೆಂದು ಸ್ಪಷ್ಟವಾಗಿ ಸಾರಿತ್ತು. 1949ರಲ್ಲಿ ಸಂವಿಧಾನಸಭೆಯು ಆ ಖಂಡವನ್ನು ತೆಗೆದುಹಾಕಿತು. ಅಂಗೀಕೃತ ಸಂವಿಧಾನದ 272ನೆಯ ಅನುಚ್ಛೇದದಲ್ಲಿ ಅದರ ಸುಳಿವಿಲ್ಲ; ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯ 58ನೆಯ ನಮೂದು ಉಪ್ಪಿನ ತಯಾರಿಕೆ, ಪೂರೈಕೆ, ಹಂಚಿಕೆಗಳನ್ನು ಕೇಂದ್ರದ ಅಧೀನಕ್ಕೆ ಕೊಟ್ಟಿತು. ಮುಂದಿನ ಶಾಸನಸಭೆಗಳ ಕೈಯನ್ನು ಕಟ್ಟಬಾರದೆಂಬುದು ರಾಜನೀತಿಯ ದೃಷ್ಟಿಯಿಂದ ಸಾಧುವಾದ ವಾದವೇ. ಆದರೆ ಉಪ್ಪಿಗಾಗಿ ಸೆರೆಮನೆಗೆ ಹೋದವರನ್ನು ಒಳಗೊಂಡ ಸಭೆಯೇ, ಒಮ್ಮೆ ಬರೆದ ಆ ಅಭಯವಾಕ್ಯವನ್ನು ಒಡೆದು ಅಳಿಸಿತೆಂಬುದನ್ನು ಚರಿತ್ರಕಾರನು ಮುಚ್ಚಿಡಲಾಗದು.

ಹೆಸರಿನ ವಿಷಯದಲ್ಲಿಯೂ ಒಂದು ವಿನೋದವಿದೆ. 1944ರಲ್ಲಿ ಕೇಂದ್ರದ ಉತ್ಪಾದನಾ ಸುಂಕಗಳನ್ನೂ ಉಪ್ಪನ್ನೂ ಒಂದೇ ಶೀರ್ಷಿಕೆಯಲ್ಲಿ ಕೂಡಿಸಿದ ಕಾಯಿದೆಯು ಕರವು ಅಳಿದ ಮೇಲೆಯೂ 49 ವರ್ಷ ಉಪ್ಪಿನ ಹೆಸರನ್ನು ಹೊತ್ತುಕೊಂಡಿತ್ತು. ಆ ಶಬ್ದವನ್ನು ತೆಗೆದುದು 1996ರಲ್ಲಿ. ಕಾಯಿದೆಯೂ ಒಂದು ಬಗೆಯ ಉಪ್ಪಿನಕುದ್ರುವೇ ಆಗಿದ್ದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ಸಾಮಾನ್ಯ ಉಪ್ಪು ಶೂನ್ಯದರದ ಪಟ್ಟಿಯಲ್ಲಿ ನಿಂತಿತು. ಪ್ರಮಾಣದ ಪ್ರಶ್ನೆಯು ಅಲ್ಲಿಗೆ ಮುಗಿದಂತಾಯಿತು. ತಯಾರಿಸಿ ಮಾರುವ ಹಕ್ಕಿನ ಪ್ರಶ್ನೆಯಾದರೋ ಅದಕ್ಕೆ ಮುಂಚೆಯೇ ಕರದ ಬಾಗಿಲನ್ನು ಬಿಟ್ಟು ಆರೋಗ್ಯದ ಬಾಗಿಲಿನಿಂದ ಮರಳಿ ಬಂದಿದ್ದಿತು: 2006ರ ಮೇ 17ರಿಂದ ಅಯೋಡಿನ್ ಬೆರೆಸದ ಉಪ್ಪನ್ನು ಮನುಷ್ಯರ ನೇರವಾದ ಆಹಾರಕ್ಕಾಗಿ ಮಾರುವುದು ದೇಶದಲ್ಲೆಲ್ಲ ನಿಷಿದ್ಧವಾಯಿತು. ಗಳಗಂಡರೋಗದ ನಿವಾರಣೆಗಾಗಿ ಮಾಡಿದ ಈ ಕಟ್ಟಳೆಯ ಉದ್ದೇಶವನ್ನು 1889ರ ಕಾಯಿದೆಯ ಉದ್ದೇಶದೊಡನೆ ಸಮೀಕರಿಸುವುದು ಅನ್ಯಾಯ. ಆದರೆ ಆಗರದಿಂದ ಎತ್ತಿದ ಹರಳುಪ್ಪನ್ನು ನೆರೆಯವನ ಊಟಕ್ಕೆ ಮಾರಲು ಹೊರಟ ಬಡ ತಯಾರಕನಿಗೆ ಎರಡು ಕಾಲಗಳಲ್ಲಿಯೂ ದೊರೆತ ಉತ್ತರವು ಒಂದೇ.